ಆದಾಯದ ಜೊತೆಗೆ ಕಂತಿನ ಲೆಕ್ಕವೂ ಬೇಕು



ತಿಂಗಳಿಗೆ 20,000 ರೂಪಾಯಿ ಆದಾಯದ ಎರಡು ಮನೆಗಳಿವೆ ಎನ್ನೋಣ. ಒಂದು ಮನೆ ಸಾಲದ ಕಂತಿಗೆ 2,000 ಕಟ್ಟುತ್ತದೆ, ಇನ್ನೊಂದು 11,000. ಆದಾಯ ಪ್ರಮಾಣಪತ್ರದಲ್ಲಿ ಎರಡೂ ಸಮಾನ. ಮಕ್ಕಳ ಶುಲ್ಕಕ್ಕೆ ಉಳಿಯುವ ಹಣ ಸಮಾನವಲ್ಲ.

ಸಾಲದ ಹೊರೆ ತಿಳಿಯಲು ಸಾಲದ ಮೊತ್ತವೊಂದೇ ಸಾಲದು, ಆದಾಯದಲ್ಲಿ ಕಂತಿನ ಪಾಲು ಎಷ್ಟೆಂದು ನೋಡಬೇಕು. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಮನೆಗಳಿಗೆ ಅಡಮಾನವಿಲ್ಲದೆ ಕೊಡುವ ಕಿರುಸಾಲಕ್ಕೆ ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿತು: ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಶೇ. 50 ಮೀರಬಾರದು. ಮೇಲಿನ ಎರಡನೆಯ ಮನೆ ಈ ಮಿತಿ ದಾಟಿದೆ. ಹಲವು ಮನೆಗಳ ಬಾಕಿ ಒಟ್ಟಾಗಿ ಬ್ಯಾಂಕುಗಳಿಗೇ ಅಪಾಯವಾಗದಂತೆ, 2023ರ ನವೆಂಬರಿನಲ್ಲಿ ವೈಯಕ್ತಿಕ ಸಾಲಗಳಿಗೆ ಹೆಚ್ಚು ಬಂಡವಾಳ ತೆಗೆದಿಡಬೇಕೆಂದೂ ಅದು ಸೂಚಿಸಿತು. ಮನೆ, ಶಿಕ್ಷಣ, ವಾಹನ, ಚಿನ್ನದ ಸಾಲಗಳಿಗೆ ಇದು ಅನ್ವಯಿಸಲಿಲ್ಲ.

ಆದರೆ ಪರಿಚಯದವರ ಕೈಸಾಲ, ಅಂಗಡಿಯ ಉದ್ರಿ ಯಾವ ಬ್ಯಾಂಕಿನ ದಾಖಲೆಗೂ ಬರುವುದಿಲ್ಲ, ಮನೆಯವರೇ ಹೇಳಬೇಕು. ಆದ್ದರಿಂದ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಆದಾಯದ ಜೊತೆಗೆ ತಿಂಗಳ ಎಲ್ಲ ಕಂತುಗಳನ್ನೂ ಕೈಸಾಲವನ್ನೂ ಸಂಕೋಚವಿಲ್ಲದೆ ಬರೆಯಿರಿ. ಸಾಲವಿದೆಯೆಂದು ಅರ್ಜಿಯನ್ನು ಕೈಬಿಡುವುದಿಲ್ಲ. ದಾನಿಗಳ ಹಣ ಹೆಚ್ಚು ಅಗತ್ಯವಿರುವ ಮಗುವಿಗೆ ಮೊದಲು ತಲುಪಲು ಈ ಲೆಕ್ಕ ಬೇಕು.