ಪೆಟ್ರೋಲ್ ತುಂಬುವಾಗ ಚೆಲ್ಲದಂತೆ ನೋಡಿಕೊಳ್ಳೋಣ



ಕಾರ್ತಿಕ ಮಾಸದ ಕೊನೆಯ ಸೋಮವಾರ ಹತ್ತಿರ ಬಂತೆಂದರೆ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆಯ ಗಡಿಬಿಡಿ. ಬುಲ್ ಟೆಂಪಲ್ ರಸ್ತೆಯ ಎರಡೂ ಬದಿ ಕಡಲೆಕಾಯಿ ರಾಶಿ, ಬಳೆ, ಬತ್ತಾಸು, ಬಜ್ಜಿ ಅಂಗಡಿಗಳು. ಈಗ ಮಲ್ಲೇಶ್ವರದಲ್ಲಿ ಕಾಡು ಮಲ್ಲೇಶ್ವರ ದೇವಸ್ಥಾನದ ಹತ್ತಿರವೂ ಪರಿಷೆ ನಡೆಯುತ್ತದೆ. ನಮ್ಮ ಸಂಘಗಳ ಸದಸ್ಯೆಯರು ಸಾಲ ತೆಗೆದು ಇಂಥ ಕಡೆ ಎರಡು ಮೂರು ದಿನ ಅಂಗಡಿ ಹಾಕುವುದುಂಟು. ಸಂಜೆ ಬೆಳಕಿಗೆ ಕೆಲವರು ಚಿಕ್ಕ ಪೆಟ್ರೋಲ್ ಜನರೇಟರ್ ಬಾಡಿಗೆಗೆ ತರುತ್ತಾರೆ. ಕೊಡುವವರು ಹಗ್ಗ ಎಳೆದು ಸ್ಟಾರ್ಟ್ ಮಾಡೋದು ಹೇಗೆ ಅಂತ ತೋರಿಸಿ ಹೋಗುತ್ತಾರೆ. ಪೆಟ್ರೋಲ್ ತುಂಬೋದು ಹೇಗೆ ಅಂತ ಹೇಳುವವರು ಕಡಿಮೆ. 'ಅದರಲ್ಲೇನಿದೆ, ಮುಚ್ಚಳ ತೆಗೆದು ಸುರಿಯೋದು ತಾನೇ' ಅಂದುಕೊಳ್ಳುತ್ತೇವೆ. ಆದರೆ ಅಪಾಯ ಇರುವುದು ಆ ಸುರಿಯುವ ಎರಡು ನಿಮಿಷದಲ್ಲಿಯೇ.

ನಮ್ಮಲ್ಲಿ ವಯಸ್ಸಾದವರಿಗೆಲ್ಲ ಸೀಮೆಎಣ್ಣೆಯ ಅಭ್ಯಾಸ ಇದೆ. ಬತ್ತಿ ಸ್ಟವ್ ತುಂಬುವಾಗ ಒಂದಿಷ್ಟು ಚೆಲ್ಲಿದರೆ ಬಟ್ಟೆಯಲ್ಲಿ ಒರೆಸಿ ಹಾಗೇ ಹಚ್ಚುತ್ತಿದ್ದೆವು. ಅದೇ ಧೈರ್ಯ ಪೆಟ್ರೋಲ್ ಹತ್ತಿರ ನಡೆಯುವುದಿಲ್ಲ. ಸೀಮೆಎಣ್ಣೆಗೆ ಸುಮಾರು 35 ಡಿಗ್ರಿಗಿಂತ ಹೆಚ್ಚು ಬಿಸಿ ತಾಗಿದ ಮೇಲೆ ಬೆಂಕಿ ಹತ್ತುವಷ್ಟು ಆವಿ ಏಳುತ್ತದೆ. ಪೆಟ್ರೋಲಿಗೆ ಬಿಸಿಯೇ ಬೇಕಿಲ್ಲ, ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಅಂಥ ಆವಿ ಏಳುತ್ತದೆ. ಅಂದರೆ ನಮ್ಮ ಬೆಂಗಳೂರಿನ ಕಾರ್ತಿಕದ ಚಳಿ ಅದಕ್ಕೆ ಲೆಕ್ಕವೇ ಅಲ್ಲ. ಇನ್ನೊಂದು ವಿಷಯ, ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ನೆಲ ಹಿಡಿದು ಹರಿದುಕೊಂಡು ಹೋಗುತ್ತದೆ. ನೀವು ಪೆಟ್ರೋಲ್ ಚೆಲ್ಲಿದ್ದು ಇಲ್ಲಿ, ಪಕ್ಕದವರು ಕಡಲೆಕಾಯಿ ಹುರಿಯುವ ಒಲೆ ಇರುವುದು ಅಲ್ಲಿ. ಆವಿ ಅಲ್ಲಿಗೆ ಹೋಗಿ ಬೆಂಕಿ ಹಿಡಿದು, ಬಂದ ದಾರಿಯಲ್ಲೇ ವಾಪಸ್ ಬರುತ್ತದೆ. ಆ ದಾರಿಯಲ್ಲಿ ನೆಲಕ್ಕೆ ತಾಗುತ್ತಿರುವುದು ನಮ್ಮ ಸೀರೆಯ ಅಂಚು.

ಯಾಕೆ ಚೆಲ್ಲುತ್ತದೆ ಅಂತ ನೋಡೋಣ. ಮುಖ್ಯ ಕಾರಣ ಕಂಠಮಟ್ಟ ತುಂಬುವುದು. ಇಡ್ಲಿ ಹಿಟ್ಟು ರುಬ್ಬಿ ರಾತ್ರಿ ಪಾತ್ರೆಗೆ ಹಾಕುವಾಗ ಯಾವ ಹೆಂಗಸೂ ಅಂಚಿನ ತನಕ ತುಂಬುವುದಿಲ್ಲ, ಉಬ್ಬುವುದಕ್ಕೆ ಜಾಗ ಬಿಡುತ್ತಾಳೆ. ಪೆಟ್ರೋಲ್ ಕೂಡ ಉಬ್ಬುತ್ತದೆ. ಬಂಕಿನಲ್ಲಿ ಅದು ನೆಲದೊಳಗಿನ ಟ್ಯಾಂಕಿನಲ್ಲಿ ತಣ್ಣಗಿರುತ್ತದೆ. ಹೊರಗೆ ಬಿಸಿಲಿಗೆ ಬಂದಾಗ ಪ್ರತಿ ಒಂದು ಡಿಗ್ರಿಗೆ ಲೀಟರಿಗೆ ಹತ್ತಿರ ಹತ್ತಿರ ಒಂದು ಮಿಲಿಲೀಟರ್ ಹಿಗ್ಗುತ್ತದೆ. ಕೇಳೋದಕ್ಕೆ ಏನೂ ಅಲ್ಲ. ಆದರೆ 10 ಲೀಟರಿನ ಕ್ಯಾನ್ 15 ಡಿಗ್ರಿ ಬಿಸಿಯಾದರೆ ಸುಮಾರು 140 ಮಿಲಿ, ಅಂದರೆ ಒಂದು ಸಣ್ಣ ಲೋಟದಷ್ಟು. ಅಷ್ಟಕ್ಕೆ ಜಾಗ ಇಲ್ಲದಿದ್ದರೆ ಅದು ಹೊರಗೇ ಬರಬೇಕು. ಆದ್ದರಿಂದ ಟ್ಯಾಂಕೇ ಆಗಲಿ ಕ್ಯಾನೇ ಆಗಲಿ, ಹತ್ತರಲ್ಲಿ ಒಂದು ಪಾಲು ಖಾಲಿ ಬಿಡಿ. ಎಷ್ಟೋ ಜನರೇಟರುಗಳಲ್ಲಿ ಬಾಯಿಯೊಳಗೆ ಒಂದು ಜಾಲರಿ ಇರುತ್ತದೆ, ಅದರಲ್ಲಿ ಮೇಲ್ಮಟ್ಟದ ಗುರುತು ಹಾಕಿರುತ್ತಾರೆ. ಕೊಳೆ ಕಟ್ಟಿದೆ ಅಂತ ಆ ಜಾಲರಿ ಕಿತ್ತು ಬಿಸಾಡುವವರಿದ್ದಾರೆ. ಹಾಗೆ ಮಾಡಬೇಡಿ, ತೊಳೆದು ವಾಪಸ್ ಹಾಕಿ.

ಎರಡನೆಯ ಕಾರಣ ಗಾಳಿ. ಟ್ಯಾಂಕ್ ಒಳಗೆ ಪೆಟ್ರೋಲ್ ಹೋಗಬೇಕಾದರೆ ಅಲ್ಲಿರುವ ಗಾಳಿ ಹೊರಗೆ ಬರಬೇಕಲ್ಲ? ಬಾಯಿಗೆ ಬಿಗಿಯಾಗಿ ಕೂರುವ ಲಾಳಿಕೆ ಇಟ್ಟು ದಬದಬ ಸುರಿದರೆ ಗಾಳಿ ದಾರಿ ಹುಡುಕಿಕೊಂಡು ಬುಳಕ್ ಅಂತ ಮೇಲೆ ಉಕ್ಕಿಸುತ್ತದೆ. ಲಾಳಿಕೆಯನ್ನು ಒಂಚೂರು ಎತ್ತಿ ಹಿಡಿಯಿರಿ, ಸಣ್ಣ ಧಾರೆಯಲ್ಲಿ ಬಿಡಿ. ಕ್ಯಾನಿನ ಕಡೆಯೂ ಇದೇ ಕಥೆ. 15 ಕಿಲೋ ಎಣ್ಣೆ ಟಿನ್ನಿಗೆ ಒಂದೇ ತೂತು ಹಾಕಿದರೆ ಎಣ್ಣೆ ತಡೆದು ತಡೆದು ಎಗರುತ್ತದೆ ಅಂತ ಎರಡು ತೂತು ಹಾಕುತ್ತೀರಲ್ಲ? ಪೆಟ್ರೋಲ್ ಕ್ಯಾನಿಗೂ ಗಾಳಿ ಕಿಂಡಿ ಇದ್ದರೆ ಸುರಿಯುವಾಗ ಅದನ್ನು ತೆರೆಯಿರಿ, ಆಮೇಲೆ ಮುಚ್ಚಿ. ಕಿಂಡಿ ಇಲ್ಲದ, ಮೂಲೆಯಲ್ಲಿ ಬಾಯಿ ಇರುವ ಕ್ಯಾನನ್ನು ಬಾಯಿ ಮೇಲ್ಬದಿಗೆ ಬರುವಂತೆ ಅಡ್ಡ ಹಿಡಿದು ಬಗ್ಗಿಸಿ. ಗಾಳಿ ಮೇಲಿಂದ ಒಳಗೆ ಹೋಗುತ್ತದೆ, ಧಾರೆ ಎಗರುವುದಿಲ್ಲ. ಮಲ್ಪೆ, ಮಂಗಳೂರು ಕಡೆ ಚಿಕ್ಕ ದೋಣಿಗೆ ಎಂಜಿನ್ ಕಟ್ಟುವ ಮೀನುಗಾರರಿಗೂ ಇದೇ ಜಾಗ್ರತೆ ಬೇಕು. ಜೊತೆಗೆ ಅವರ ನೆಲವೇ ಅಲ್ಲಾಡುತ್ತಿರುತ್ತದೆ. ಬೇರೆ ತೆಗೆಯಬಹುದಾದ ಟ್ಯಾಂಕನ್ನು ದೋಣಿಯಿಂದ ಇಳಿಸಿ ದಡದ ಮೇಲಿಟ್ಟು ತುಂಬುವುದೇ ಸರಿಯಾದ ಕ್ರಮ. ಬೋರಲಾಗಬಹುದಾದ ಜಾಗದಲ್ಲಿ ಸುರಿಯಬಾರದು ಅನ್ನುವುದು ನಮಗೂ ಅನ್ವಯ. ಜನರೇಟರನ್ನು ಕಲ್ಲಿನ ಮೇಲೆ ಓರೆಯಾಗಿ ನಿಲ್ಲಿಸಿ ತುಂಬಬೇಡಿ.

ಮೂರನೆಯದು ಅವಸರ. ರಾತ್ರಿ ಎಂಟು ಗಂಟೆ, ಗಿರಾಕಿ ನಿಂತಿದ್ದಾರೆ, ಲೈಟ್ ಡಿಮ್ ಆಗುತ್ತಿದೆ. ಎಂಜಿನ್ ನಿಲ್ಲಿಸದೆ ಹಾಗೇ ಸುರಿಯೋಣ ಅನಿಸುತ್ತದೆ. ಆದರೆ ಈ ಚಿಕ್ಕ ಜನರೇಟರುಗಳಲ್ಲಿ ಟ್ಯಾಂಕ್ ಇರುವುದು ಸಾಮಾನ್ಯವಾಗಿ ಎಂಜಿನ್ನಿನ ನೆತ್ತಿಯ ಮೇಲೆ. ಚೆಲ್ಲಿದ್ದು ಸೀದಾ ಕಾದ ಎಂಜಿನ್ನಿಗೆ, ಸೈಲೆನ್ಸರಿಗೆ ಇಳಿಯುತ್ತದೆ. ಮೊದಲು ನಿಲ್ಲಿಸಬೇಕು, ಕಡಿಮೆ ಅಂದರೆ ಕಾಲು ಗಂಟೆ ಆರಬೇಕು. ಆ ಕಾಲು ಗಂಟೆ ವ್ಯಾಪಾರ ಹೋಗುತ್ತಲ್ಲ ಅನ್ನುವ ನಿಮ್ಮ ಸಂಕಟ ನಮಗೆ ಗೊತ್ತು. ಅದಕ್ಕೆ ಉಪಾಯ ಎರಡು. ಕತ್ತಲಾಗುವ ಮೊದಲೇ, ಐದು ಗಂಟೆ ಹೊತ್ತಿಗೆ ತುಂಬಿಟ್ಟುಕೊಳ್ಳಿ. ಮತ್ತೆ ಒಂದು ಚಾರ್ಜ್ ಮಾಡುವ ಎಲ್‌ಇಡಿ ದೀಪ ಕೈಯಲ್ಲಿಟ್ಟುಕೊಳ್ಳಿ, ಎಂಜಿನ್ ಆರುವ ತನಕ ಅದರ ಬೆಳಕಲ್ಲಿ ವ್ಯಾಪಾರ ಮಾಡಬಹುದು. ನಿಜ ಹೇಳಬೇಕೆಂದರೆ ನಾಲ್ಕು ಬುಟ್ಟಿ ಕಡಲೆಕಾಯಿಗೆ ಜನರೇಟರೇ ಬೇಡ, ಅಂಥ ದೀಪ ಎರಡಿದ್ದರೆ ಸಾಕು ಅನ್ನುವುದು ನಮ್ಮ ಅಭಿಪ್ರಾಯ. ಬಾಡಿಗೆ, ಪೆಟ್ರೋಲ್ ಎರಡೂ ಲೆಕ್ಕ ಹಾಕಿ ನೋಡಿ.

ಇನ್ನು ಪೆಟ್ರೋಲ್ ತರುವ ಪಾತ್ರೆ. ನೀರಿನ ಬಾಟಲ್ ತೆಗೆದುಕೊಂಡು ಬಂಕಿಗೆ ಹೋದರೆ ಕೊಡಲ್ಲ ಅಂತಾರೆ, ನಾವು ಸಿಟ್ಟಾಗುತ್ತೇವೆ. 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಮಾರಾಟಕ್ಕಲ್ಲದೆ ಸ್ವಂತ ಬಳಕೆಗೆ 30 ಲೀಟರ್ ತನಕ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. ಆದರೆ ಪಾತ್ರೆ ಭದ್ರವಾಗಿ ಮುಚ್ಚಿರಬೇಕು. ಗಾಜು ಅಥವಾ ಪಿಂಗಾಣಿಯದಾದರೆ ಒಂದು ಲೀಟರ್, ಲೋಹದ್ದಾದರೆ 25 ಲೀಟರ್ ಮೀರಬಾರದು. ನೀರಿನ ಪ್ಲಾಸ್ಟಿಕ್ ಬಾಟಲಿನ ಹೆಸರು ಅಲ್ಲಿಲ್ಲ. ಅದು ಮೆತ್ತಗಾಗುತ್ತದೆ, ಮುಚ್ಚಳ ಸೋರುತ್ತದೆ, ಮಕ್ಕಳು ನೀರು ಅಂತ ಕುಡಿದಿರುವುದೂ ಉಂಟು. ಕುಡಿದವರಿಗೆ ವಾಂತಿ ಮಾಡಿಸಬೇಡಿ, ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕೆಟ್ಟದ್ದು. ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪೈಪಿಗೆ ಬಾಯಿ ಹಾಕಿ ಪೆಟ್ರೋಲ್ ಎಳೆಯುವ ಗಂಡುಮಕ್ಕಳಿಗೂ ಇದನ್ನೇ ಹೇಳಿ. ಲೋಹದ ಕ್ಯಾನನ್ನು ಗಾಡಿಯ ಮೇಲೆ, ಸೀಟಿನ ಮೇಲೆ ಇಟ್ಟು ತುಂಬಿಸಬೇಡಿ. ನೆಲದ ಮೇಲಿಡಿ, ಬಂಕಿನ ನಳಿಕೆ ಕ್ಯಾನಿನ ಬಾಯಿಗೆ ತಾಗಿಕೊಂಡೇ ಇರಲಿ. ಹಾಗಿದ್ದರೆ ಹರಿಯುವಾಗ ಹುಟ್ಟುವ ಸಣ್ಣ ವಿದ್ಯುತ್ತು ಕಿಡಿಯಾಗದೆ ನೆಲಕ್ಕೆ ಇಳಿಯುತ್ತದೆ.

ಸ್ಕೂಟರ್ ಇರುವವರಿಗೆ ಒಂದು ಮಾತು. ಬಂಕಿನ ನಳಿಕೆಯ ತುದಿಯಲ್ಲಿ ಒಂದು ಸಣ್ಣ ರಂಧ್ರ ಇರುತ್ತದೆ. ಪೆಟ್ರೋಲ್ ಅಲ್ಲಿಗೆ ಮುಟ್ಟಿದ ಕೂಡಲೇ ಟಕ್ ಅಂತ ತಾನಾಗಿ ನಿಲ್ಲುತ್ತದೆ. ಅಲ್ಲಿಗೆ ಸಾಕು. '480 ಆಯ್ತು, 500 ಮಾಡಿಬಿಡಪ್ಪಾ' ಅಂತ ರೌಂಡ್ ಮಾಡಿಸುವ ನಮ್ಮ ಅಭ್ಯಾಸದಿಂದಲೇ ಎಷ್ಟೋ ಸಲ ಉಕ್ಕುವುದು. ಸೀಟಿನ ಕೆಳಗೆ ಮುಚ್ಚಳ ಇರುವ ಗಾಡಿಯಾದರೆ ಇಳಿದು ನಿಂತು, ಬ್ಯಾಗು, ಸೆರಗು ಎರಡನ್ನೂ ಪಕ್ಕಕ್ಕೆ ತೆಗೆದುಕೊಳ್ಳಿ.

ಇಷ್ಟಾದರೂ ಚೆಲ್ಲಿತು ಅನ್ನಿ. ಮೊದಲು ಅಕ್ಕಪಕ್ಕದ ಒಲೆ, ಬೀಡಿ, ಊದುಬತ್ತಿ ಆರಿಸಲು ಕೂಗಿ ಹೇಳಿ. ಜನರೇಟರ್ ಸ್ಟಾರ್ಟ್ ಮಾಡಬೇಡಿ. ನೀರು ಸುರಿಯಬೇಡಿ, ಪೆಟ್ರೋಲ್ ನೀರಿನ ಮೇಲೆ ತೇಲಿ ಇನ್ನಷ್ಟು ದೂರ ಹರಡುತ್ತದೆ. ಮರಳು ಇಲ್ಲವೇ ಒಣ ಮಣ್ಣು ಹಾಕಿ ಹೀರಿಸಿ, ತಗಡಿನ ಡಬ್ಬಕ್ಕೆ ತುಂಬಿ ದೂರ ಬಯಲಿನಲ್ಲಿಡಿ. ಕಡಲೆಕಾಯಿ ಹುರಿಯುವವರ ಹತ್ತಿರ ಮರಳು ಇದ್ದೇ ಇರುತ್ತದೆ, ಆದರೆ ಬಾಣಲೆಯ ಬಿಸಿ ಮರಳಲ್ಲ, ತಣ್ಣಗಿನದು. ಸೀರೆ ನೆನೆದಿದ್ದರೆ ನಾಚಿಕೆ ಬಿಟ್ಟು ಬದಲಾಯಿಸಿ, ಆ ತನಕ ಒಲೆಯ ಹತ್ತಿರ ಸುಳಿಯಬೇಡಿ. ಬೆಂಕಿ ತಾಗಿದರೆ ಓಡಬಾರದು, ನೆಲಕ್ಕೆ ಬಿದ್ದು ಉರುಳಬೇಕು. ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಬಿಡಬೇಕು. ಟೂತ್‌ಪೇಸ್ಟ್, ಶಾಯಿ, ಅರಿಶಿನ ಏನೂ ಬೇಡ. 112ಕ್ಕೆ ಫೋನ್ ಮಾಡಿ, ಆಂಬ್ಯುಲೆನ್ಸಿಗೆ 108. ಚಾಮರಾಜಪೇಟೆ, ಬಸವನಗುಡಿಯವರಿಗೆ ವಿಕ್ಟೋರಿಯಾ ಆಸ್ಪತ್ರೆಯ ಮಹಾಬೋಧಿ ಸುಟ್ಟಗಾಯಗಳ ವಿಭಾಗ ಹತ್ತಿರದಲ್ಲಿದೆ.

ಚೆಲ್ಲಿದ್ದನ್ನು ಚರಂಡಿಗೆ ಗುಡಿಸುವವರೂ ಇದ್ದಾರೆ. ಚರಂಡಿಯೊಳಗೆ ಆವಿ ತುಂಬಿಕೊಂಡರೆ ಬೀದಿಗೇ ಅಪಾಯ. ಮತ್ತೆ ಆ ನೀರು ಎಲ್ಲಿಗೆ ಹೋಗುತ್ತದೆ? ದೊಡ್ಡ ಬಸವಣ್ಣನ ಪಾದದಲ್ಲೇ ವೃಷಭಾವತಿ ಹುಟ್ಟುತ್ತದೆ ಎಂಬ ನಂಬಿಕೆ ಇದೆ. ಈ ಕಡೆಯ ರಾಜಕಾಲುವೆ ನೀರು ಆ ಹೊಳೆ ಸೇರಿ, ಕೆಂಗೇರಿ ದಾಟಿ ಬೈರಮಂಗಲದ ಕೆರೆಗೆ ಹೋಗುತ್ತದೆ. ಆ ನೀರಿನಲ್ಲಿ ವ್ಯವಸಾಯ ಮಾಡುವವರಿದ್ದಾರೆ. ಅಲ್ಲಿಂದ ಅರ್ಕಾವತಿ, ಆಮೇಲೆ ಕಾವೇರಿ. ನಾವು ನಲ್ಲಿಯಲ್ಲಿ ಕಾಯುವುದೂ ಕಾವೇರಿಗೇ ಅಲ್ಲವೇ.

ಮುಂದಿನ ಸಂಘದ ಸಭೆಯಲ್ಲಿ ಒಂದು ಕೆಲಸ ಮಾಡಬಹುದು. ಭದ್ರ ಮುಚ್ಚಳದ ಐದು ಲೀಟರ್ ಲೋಹದ ಕ್ಯಾನ್, ಉದ್ದ ಮೂತಿಯ ಲೋಹದ ಲಾಳಿಕೆ, ಒಂದು ಬಕೆಟ್ ಒಣ ಮರಳು, ಒಂದು ಚಾರ್ಜ್ ದೀಪ. ಇಷ್ಟನ್ನು ಸಂಘದ ಹಣದಲ್ಲಿ ಒಂದೇ ಸೆಟ್ ಕೊಂಡು, ಪರಿಷೆಗೆ, ಜಾತ್ರೆಗೆ ಅಂಗಡಿ ಹಾಕುವವರಿಗೆ ಸರದಿಯಲ್ಲಿ ಕೊಡಿ. ಯಾರ ಕೈಲಿದೆ ಅಂತ ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಕ್ಯಾನನ್ನು ಮಾತ್ರ ಖಾಲಿ ಮಾಡಿ, ಒಣಗಿಸಿ ವಾಪಸ್ ಕೊಡಬೇಕು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆಸಿರುವುದರಿಂದ ಅದು ನೀರಿನ ಪಸೆ ಎಳೆದುಕೊಳ್ಳುತ್ತದೆ, ಮುಂದಿನ ಪರಿಷೆಯ ತನಕ ಇಟ್ಟ ಪೆಟ್ರೋಲ್ ಯಾವ ಎಂಜಿನ್ನಿಗೂ ಒಳ್ಳೆಯದಲ್ಲ.