ಟಾಕೀಸಿನೊಳಗೊಂದು ಪ್ರಾರ್ಥನೆಯ ಮನೆ

ಲಂಡನ್ನಿನ ವಾಯವ್ಯಕ್ಕಿರುವ ಹ್ಯಾರೋ ಪ್ರದೇಶದಲ್ಲಿ, ರೇನರ್ಸ್ ಲೇನ್ ಮೆಟ್ರೊ ನಿಲ್ದಾಣದ ಹತ್ತಿರವೇ ಒಂದು ವಿಚಿತ್ರ ಕಟ್ಟಡವಿದೆ. ಮುಖಭಾಗದ ನಟ್ಟನಡುವೆ ನೆತ್ತಿಯಿಂದ ಬಾಗಿ ಇಳಿದ ಕಾಂಕ್ರೀಟಿನ ಸೊಂಡಿಲು, ಅದರ ಎಡಬಲಕ್ಕೆ ಉಬ್ಬಿದ ಗಾಜಿನ ಕಿಟಕಿಗಳು. ವಾಸ್ತುಶಿಲ್ಪಿ ಎಫ್. ಇ. ಬ್ರೊಮಿಜ್ ರೂಪಿಸಿದ ಈ ಕಟ್ಟಡ 1936ರಲ್ಲಿ ಗ್ರಾಸ್‌ವೆನರ್ ಟಾಕೀಸಾಗಿ ಶುರುವಾಯಿತು. ಐವತ್ತು ವರ್ಷ ಸಿನಿಮಾ ಓಡಿಸಿ 1986ರಲ್ಲಿ ಪರದೆ ಇಳಿಸಿತು. ಆಮೇಲೆ ಕೆಲಕಾಲ ಬಾರು, ನೈಟ್‌ಕ್ಲಬ್ಬು. ಈಗ ಇದು ಯುರೋಪಿನ ಜರತುಷ್ಟ್ರ ಮತದವರ ಹಳೆಯ ಸಂಘವೊಂದರ ಕೇಂದ್ರ. ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿರುವುದರಿಂದ ಸೊಂಡಿಲು ಇದ್ದಂತೆಯೇ ಇದೆ.

ಸಂಘ ಹುಟ್ಟಿದ್ದು 1861ರಲ್ಲಿ. ವ್ಯಾಪಾರಕ್ಕೆಂದು ಲಂಡನ್ನಿಗೆ ಬಂದು ನೆಲೆಸಿದ್ದ ಪಾರ್ಸಿ ಕಾಮಾ ಮನೆತನದವರು, ಅವರ ಪಾಲುದಾರರಾಗಿ ಬಂದಿದ್ದ ದಾದಾಭಾಯಿ ನವರೋಜಿ ಮೊದಲಾದವರು ಸೇರಿ ಕಟ್ಟಿದ್ದು. ಊರು ಬಿಟ್ಟವರು ಮೊದಲು ದೇವರಿಗೊಂದು ಜಾಗ ಹುಡುಕುತ್ತಾರೆ ಎಂದುಕೊಳ್ಳುತ್ತೇವೆ. ಇವರು ಮೊದಲು ಹುಡುಕಿದ್ದು ಸ್ಮಶಾನ. ಮರುವರ್ಷವೇ ಸರ್ರೆಯ ಬ್ರೂಕ್‌ವುಡ್ ರುದ್ರಭೂಮಿಯಲ್ಲಿ ಒಂದು ಪಾಲು ನೆಲ ಪಡೆದರು. ಸಂಘಕ್ಕೆ ಸ್ವಂತ ಮನೆಯಾದದ್ದು 1929ರ ಹೊತ್ತಿಗೆ. ಅಲ್ಲಿಂದ ಇನ್ನೊಂದು ಮನೆ, ಈ ಶತಮಾನದ ಆರಂಭಕ್ಕೆ ಈ ಟಾಕೀಸು.

ಹೆಣವನ್ನು ಹೂಳಿದರೆ ಮಣ್ಣು, ಸುಟ್ಟರೆ ಬೆಂಕಿ ಮೈಲಿಗೆಯಾಗುತ್ತದೆಂಬುದು ಈ ಮತದ ಹಳೆಯ ನಂಬಿಕೆ. ಹಾಗಾಗಿಯೇ ಮುಂಬಯಿಯಲ್ಲಿ ಹೆಣವನ್ನು ರಣಹದ್ದುಗಳಿಗೆ ಒಪ್ಪಿಸುತ್ತಿದ್ದ ದಖ್ಮಾ ಎಂಬ ಗೋಪುರ. ಇಂಗ್ಲೆಂಡಿನಲ್ಲಿ ರಣಹದ್ದೂ ಇಲ್ಲ, ದಖ್ಮಾವೂ ಇಲ್ಲ. ಬ್ರೂಕ್‌ವುಡ್ಡಿನಲ್ಲಿ ಹೂಳುವುದೇ ಮೊದಲಾಯಿತು, ಮುಂದೆ ಸುಡುವುದೂ ಬಂತು. ಕ್ವೀನ್ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿಗೆ, ಅಂದರೆ ಜಾಂಜಿಬಾರಿನಲ್ಲಿ ಹುಟ್ಟಿದ ಫರೂಖ್ ಬುಲ್ಸಾರಾಗೆ, 1991ರಲ್ಲಿ ಪಾರ್ಸಿ ಪುರೋಹಿತರು ಮಂತ್ರ ಹೇಳಿದ ಮೇಲೆ ದಹನವೇ ಆದದ್ದು.

ಬ್ರೂಕ್‌ವುಡ್ಡಿನ ಪಾರ್ಸಿ ಪಾಲಿನಲ್ಲಿ ಕನ್ನಡಿಗರಿಗೆ ಹತ್ತಿರದವರೊಬ್ಬರಿದ್ದಾರೆ. ಬೆಂಗಳೂರಿನಲ್ಲಿ ಈಗಲೂ ಹಳಬರು 'ಟಾಟಾ ಇನ್‌ಸ್ಟಿಟ್ಯೂಟ್' ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯ ಕನಸು ಕಂಡ ಜಮ್‌ಷೆಟ್‌ಜಿ ಟಾಟಾ. 1904ರಲ್ಲಿ ಜರ್ಮನಿಯ ಬಾದ್ ನೌಹೈಮಿನಲ್ಲಿ ತೀರಿಕೊಂಡರು. ಸಂಸ್ಥೆ ಶುರುವಾದದ್ದನ್ನು ಅವರು ನೋಡಲಿಲ್ಲ. ಮಕ್ಕಳು ದೊರಾಬ್‌ಜಿ, ರತನ್‌ಜಿ ಇಬ್ಬರದೂ ಅಲ್ಲೇ ಸಮಾಧಿ.

ಹೆಣದ ವಿಷಯದಲ್ಲಿ ರಾಜಿ ಮಾಡಿಕೊಂಡ ಹಾಗೆ ಬೆಂಕಿಯ ವಿಷಯದಲ್ಲಿ ಸುಲಭವಾಗಲಿಲ್ಲ. ಗುಜರಾತಿನ ಉದ್ವಾಡಾದ ಇರಾನ್‌ಷಾದಂಥ ಅತಿ ಮೇಲಿನ ದರ್ಜೆಯ ಅಗ್ನಿಯನ್ನು ಹದಿನಾರು ಮೂಲಗಳ ಬೆಂಕಿಯನ್ನು ಶುದ್ಧಿಮಾಡಿ ಕೂಡಿಸಿ ಪ್ರತಿಷ್ಠಾಪಿಸಬೇಕು. ದಿನಕ್ಕೆ ಐದು ಹೊತ್ತು ಪುರೋಹಿತರು ಶುಚಿಯಾಗಿ ಕಟ್ಟಿಗೆ ಒಪ್ಪಿಸುತ್ತ ಆರದಂತೆ ಕಾಯಬೇಕು. ಲಂಡನ್ನಿನಲ್ಲಿ ಹೊಟ್ಟೆಪಾಡಿಗೆ ಬೇರೆ ಉದ್ಯೋಗ ಮಾಡುತ್ತ ಪೌರೋಹಿತ್ಯ ನಡೆಸುವವರಿಂದ ಇದಾಗದು. ಹೊರದೇಶದಲ್ಲೂ ಬೆಂಕಿ ಕಾಯ್ದವರಿಲ್ಲದಿಲ್ಲ: ಯೆಮೆನ್ನಿನ ಏಡನ್ನಿನ ಪಾರ್ಸಿಗಳು ಅಗಿಯಾರಿ, ಅಂದರೆ ಅಗ್ನಿಮಂದಿರ, ಕಟ್ಟಿ ಬೆಂಕಿ ಕಾಯುತ್ತಿದ್ದರು. ಅಲ್ಲಿ ಕಾಲ ಕೆಟ್ಟ ಮೇಲೆ 1976ರಲ್ಲಿ ಆ ಬೆಂಕಿಯನ್ನು ಏರ್ ಇಂಡಿಯಾ ವಿಮಾನದಲ್ಲಿ, ಪಾರ್ಸಿ ಸಿಬ್ಬಂದಿಯನ್ನೇ ನೇಮಿಸಿಕೊಂಡು, ಆರದಂತೆ ತಂದು ಲೋನಾವಳಾದಲ್ಲಿ ನೆಲೆಗೊಳಿಸಿದರು. ವಿಮಾನದಲ್ಲಿ ಉರಿಯುವ ಬೆಂಕಿ! ಇಂದು ಯಾವ ವಿಮಾನಯಾನ ಅಧಿಕಾರಿ ಒಪ್ಪಿಯಾನು?

ರೇನರ್ಸ್ ಲೇನಿನ ಪ್ರಾರ್ಥನಾ ಕೋಣೆಯಲ್ಲಿ ಅಂಥ ಅಖಂಡ ಅಗ್ನಿಯಿಲ್ಲ. ಪ್ರಾರ್ಥನೆಯ ಹೊತ್ತಿಗೆ ಆಫರ್ಗಾನ್ಯು ಎಂಬ ಲೋಹದ ಪಾತ್ರೆಯಲ್ಲಿ ಶ್ರೀಗಂಧದ ಚಕ್ಕೆ, ಲೋಬಾನ ಹಾಕಿ ಬೆಂಕಿ ಹೊತ್ತಿಸುತ್ತಾರೆ. ಕಟ್ಟಡದ ಜೀವ ಇರುವುದು, ನನ್ನ ಮಟ್ಟಿಗೆ, ಆ ಕೋಣೆಗಿಂತ ಹಿಂದೆ ಪ್ರೇಕ್ಷಕರು ಕೂರುತ್ತಿದ್ದ ದೊಡ್ಡ ಹಾಲಿನಲ್ಲಿ. ಇರಾನಿ ಮೂಲದ ದಾನಿಗಳ ನೆನಪಿಗೆ ಅದಕ್ಕೆ ಝರ್ತೋಷ್ಟಿ ಸಹೋದರರ ಹೆಸರಿದೆ. ಮಕ್ಕಳನ್ನು ಮತಕ್ಕೆ ಸೇರಿಸುವ ನವ್‌ಜೋತ್ ಅಂದರೆ ಇಂಥ ಹಾಲು ಬೇಕು: ಮಗುವಿಗೆ ಬಿಳಿ ಮಸ್ಲಿನ್ನಿನ ಸುದ್ರಾ ತೊಡಿಸುತ್ತಾರೆ, ಅದರ ಕೊರಳ ಬಳಿ ಪುಣ್ಯ ಕೂಡಿಡಲೆಂದು ಒಂದು ಪುಟ್ಟ ಜೇಬು. ಬಳಿಕ ಕುರಿಯುಣ್ಣೆಯ 72 ಎಳೆಗಳ ಕುಸ್ತಿಯನ್ನು ಸೊಂಟಕ್ಕೆ ಮೂರು ಸುತ್ತು ಬಿಗಿಯುತ್ತಾರೆ. ಅಜ್ಜಿ-ತಾತಂದಿರು, ಸೋದರಮಾವಂದಿರು ಊಟಕ್ಕೂ ನಿಲ್ಲಬೇಕು.

2011ರ ಜನಗಣತಿ ಪ್ರಕಾರ ಇಂಗ್ಲೆಂಡ್-ವೇಲ್ಸಿನಲ್ಲಿ ಜರತುಷ್ಟ್ರ ಮತದವರು ನಾಲ್ಕು ಸಾವಿರದ ಆಸುಪಾಸು. ಅದರಲ್ಲೇ ಎರಡು ಬಗೆ: ಗುಜರಾತಿ ಮಾತಿನ ಪಾರ್ಸಿಗಳು, ಫಾರಸಿ ಮಾತಿನ ಇರಾನಿಗಳು. ಪಾರ್ಸಿಗಳ ಪಂಚಾಂಗದಲ್ಲಿ ಅಧಿಕ ದಿನದ ಲೆಕ್ಕವಿಲ್ಲ; ಯುಗಾದಿ ವರ್ಷವರ್ಷವೂ ಜಾರುತ್ತ ಶ್ರಾವಣಕ್ಕೆ ಬಂದು ಕೂತರೆ ಹೇಗೋ ಹಾಗೆ, ಅವರ ಹೊಸ ವರ್ಷ ಈಗ ಆಗಸ್ಟಿನಲ್ಲಿ ಬೀಳುತ್ತದೆ. ಇರಾನಿಗಳದ್ದು ಮಾರ್ಚ್ 21ರ ಸುಮಾರಿಗೆ, ಮೇಜಿನ ಮೇಲೆ ಏಳು ಬಗೆಯ ಪದಾರ್ಥ ಜೋಡಿಸಿ. ಒಂದೇ ಸಂಘದಲ್ಲಿ ಇಬ್ಬರದೂ ನಡೆಯುತ್ತದೆ. ಹೊರಗಿನವರು ಪಾರ್ಸಿ ಊಟವೆಂದರೆ ಧನ್‌ಸಾಕ್ ಎಂದುಕೊಂಡು ಹೋದರೆ ಹೊಸ ವರ್ಷದ ದಿನ ಸಿಗಲಾರದು: ಸಾವಿನ ನಾಲ್ಕನೆಯ ದಿನ ಉಣ್ಣುವ ಅಡುಗೆಯದು, ಹಬ್ಬಕ್ಕೆ ಅದನ್ನು ಮಾಡುವುದಿಲ್ಲ. ಹಬ್ಬಕ್ಕೆ ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಮೀನು, ರವೆ ಪಾಯಸ, ಸಿಹಿ ಮೊಸರು.