ನೈಲಾನ್ ಕರಗಿಸೋದು ಯಾಕೆ ಇಷ್ಟು ಕಷ್ಟ?

ಬೆಣ್ಣೆ ಕರಗುತ್ತೆ, ಸಕ್ಕರೆನೂ ಕರಗುತ್ತೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು. ಆದ್ರೆ ಬೆಣ್ಣೆಗೆ ಬಿಸಿ ಸಾಕು, ಸಕ್ಕರೆಗೆ ನೀರು ಬೇಕು. ನೈಲಾನ್ 6 ಸುಮಾರು 220 ಡಿಗ್ರಿಯಲ್ಲಿ ಬೆಣ್ಣೆ ಥರ ಕರಗುತ್ತೆ. ಸಕ್ಕರೆ ಥರ ಕರಗಿಸೋದೇ ತಲೆನೋವು. ನೀರು, ಪೆಟ್ರೋಲ್, ನೇಲ್ ಪಾಲಿಶ್ ತೆಗೆಯೋ ಅಸಿಟೋನ್, ಯಾವುದಕ್ಕೂ ಅದು ಜಗ್ಗಲ್ಲ.

ಅದಕ್ಕೇ ಮೀನಿನ ಬಲೆ, ಹಗ್ಗ ಎಲ್ಲ ಅಷ್ಟು ಬಾಳಿಕೆ ಬರುತ್ತೆ. ಆದ್ರೆ ಹಳೇ ಬಲೆ ಮರುಬಳಕೆಗೆ ಬಂದಾಗ? ಬರೀ ಕಾಯಿಸಿದ್ರೆ ಮರಳು, ಕೊಳೆ, ಬೇರೆ ಪ್ಲಾಸ್ಟಿಕ್ ಎಲ್ಲ ಅದರಲ್ಲೇ ಸೇರಿಹೋಗುತ್ತೆ. ದ್ರಾವಕದಲ್ಲಿ ಕರಗಿಸಿದ್ರೆ ಕಾಫಿ ಡಿಕಾಕ್ಷನ್ ಥರ ಸೋಸಬಹುದು.

1935ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕ್ಯಾರೋಥರ್ಸ್ ತಂಡ ತಯಾರಿಸಿದ ಈ ವಸ್ತು ಉದ್ದುದ್ದ ಸರಪಳಿಗಳ ಕಂತೆ. ಪಕ್ಕಪಕ್ಕದ ಸರಪಳಿಗಳು ಹೈಡ್ರೋಜನ್ ಬಂಧದಿಂದ ಅಂಟಿಕೊಂಡಿರುತ್ತವೆ. ಟಿಚ್ ಬಟನ್ ಅಂದ್ಕೊಳ್ಳಿ. ಒಂದನ್ನ ಬಿಚ್ಚೋದು ಸುಲಭ, ಸಾಲುಸಾಲು ಬಟನ್‌ಗಳನ್ನ ಒಟ್ಟಿಗೆ ಬಿಚ್ಚೋದು ಕಷ್ಟ.

ಬಿಚ್ಚೋ ದ್ರಾವಕಗಳಿವೆ. ಮೊದಲನೆಯದು ಫಾರ್ಮಿಕ್ ಆಮ್ಲ. ಚಗಳಿ ಇರುವೆಯ ಹುಳಿ ಇದೇ. ದಕ್ಷಿಣ ಕನ್ನಡದಲ್ಲಿ ರಬ್ಬರ್ ಹಾಲು ಗಟ್ಟಿ ಮಾಡೋಕೂ ಇದನ್ನೇ ಹಾಕ್ತಾರೆ. ಗಾಢವಾಗಿದ್ರೆ ಕಾಯಿಸದೇನೇ ನೈಲಾನ್ ಕರಗಿಸುತ್ತೆ. ಹತ್ತಿ, ಪಾಲಿಯೆಸ್ಟರ್ ಹಾಗೇ ಉಳಿಯುತ್ತೆ. ಬಟ್ಟೆಯಲ್ಲಿ ನೈಲಾನ್ ಎಷ್ಟಿದೆ ಅಂತ ಲ್ಯಾಬ್‌ನಲ್ಲಿ ಹೀಗೇ ಅಳೀತಾರೆ. ತೊಂದರೆ ಏನಂದ್ರೆ ಚರ್ಮ ಸುಡುತ್ತೆ, ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ಜೊತೆಗೆ ಹೊತ್ತು ಹೋದಂತೆ, ಅದರಲ್ಲೂ ಬಿಸಿಯಾದ್ರೆ, ಬಟನ್ ಬಿಚ್ಚೋದರ ಜೊತೆ ಸರಪಳಿಯನ್ನೇ ತುಂಡು ಮಾಡುತ್ತೆ. ಆಗ ನೈಲಾನ್ ಬಲ ಕಳ್ಕೊಳ್ಳುತ್ತೆ. ಇನ್ನೊಂದು, ಮೆಟಾ-ಕ್ರೆಸಾಲ್, ವಿಷಕಾರಿ. ಹೆಕ್ಸಾಫ್ಲೋರೋ ಐಸೋಪ್ರೊಪನಾಲ್ ಚೆನ್ನಾಗಿ ಕರಗಿಸುತ್ತೆ, ಆದ್ರೆ ಬಲು ದುಬಾರಿ.

ಬೇರೆ ದಾರಿನೂ ಇದೆ. ಕ್ಯಾಲ್ಸಿಯಂ ಕ್ಲೋರೈಡ್ ಉಪ್ಪನ್ನ ಮೆಥನಾಲ್‌ನಲ್ಲಿ ಬೆರೆಸಿದ್ರೆ, ಕ್ಯಾಲ್ಸಿಯಂ ನೈಲಾನ್‌ನ ಆಮ್ಲಜನಕವನ್ನ ಹಿಡ್ಕೊಂಡು ಬಂಧ ಸಡಿಲ ಮಾಡುತ್ತೆ. ಆಮೇಲೆ ಉಪ್ಪೆಲ್ಲ ತೊಳೀಬೇಕು, ಮೆಥನಾಲ್‌ ಕೂಡ ವಿಷವೇ. ನನಗೆ ಇಷ್ಟವಾದದ್ದು ನೈಲಾನ್ 12ರ ಕಥೆ. ಅದರಲ್ಲಿ ಬಟನ್‌ಗಳು ದೂರದೂರ. ಹಾಗಾಗಿ ಒತ್ತಡದಲ್ಲಿ ಕಾಯಿಸಿದ ಎಥನಾಲ್‌ ಸಾಕು. ತಣಿಸಿದ್ರೆ ಪುಡಿಯಾಗಿ ಹೊರಬರುತ್ತೆ, 3ಡಿ ಪ್ರಿಂಟಿಂಗ್‌ಗೆ ಹೋಗುತ್ತೆ. ಎಥನಾಲ್ ಮತ್ತೆ ಬಳಕೆಗೆ.

ನಾನು ಬಿಕಾಂ ಓದಿದವನು, ಲೆಕ್ಕ ಹಾಕೋ ಅಭ್ಯಾಸ. ಒಳ್ಳೇ ದ್ರಾವಕ ಅಂದ್ರೆ ಬೇಗ ಕರಗಿಸೋದು ಮಾತ್ರ ಅಲ್ಲ. ಸರಪಳಿ ಉಳೀತಾ? ದ್ರಾವಕ ಎಷ್ಟು ವಾಪಸ್ ಸಿಕ್ತು? ಪಕ್ಕದಲ್ಲಿ ನಿಂತು ಕೆಲಸ ಮಾಡೋರು ಏನು ಉಸಿರಾಡಿದ್ರು? ಮೂರನೇ ಕಾಲಂ ಖಾಲಿ ಬಿಟ್ಟು ಲಾಭ ತೋರಿಸಿದ್ರೆ ಅದು ಸುಳ್ಳು ಲೆಕ್ಕ.

ಇದ್ಯಾವುದನ್ನೂ ಮನೇಲಿ ಟ್ರೈ ಮಾಡ್ಬೇಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.